ನಟನ ದಿನಚರಿ: ಘಾಟ್ಕೋಪರಿನ ತರುಣರಿಗೆ ನಾಲ್ಕು ಮಾತು

ನಾಟಕದಲ್ಲಿ ವೇಷ ಹಾಕುವುದಕ್ಕೂ ಒಂದು ಶಾಲೆ ಬೇಕೆ ಎಂಬ ಪ್ರಶ್ನೆ ನಮ್ಮ ಹಿರಿಯರಲ್ಲಿ ಏಳುವುದು ಸಹಜವೇ ಆಗಿದೆ. ಊರಿನ ಬಯಲಾಟವನ್ನು ಬೆಳಗಾಗುವ ತನಕ ನೋಡಿ ಬೆಳೆದವರು, ಮುಂಬಯಿಗೆ ಬಂದ ಮೇಲೆ ಸಂಘದ ವಾರ್ಷಿಕೋತ್ಸವಕ್ಕೆಂದು ಕೆಲಸ ಮುಗಿದ ಬಳಿಕ ಮಾತು ಬಾಯಿಪಾಠ ಮಾಡಿ ಬಣ್ಣ ಹಚ್ಚಿದವರು ನಮ್ಮಲ್ಲಿ ಬಹುಮಂದಿ. ಅಂತಹ ಮನೆಯೊಂದರಲ್ಲಿ, ಘಾಟ್ಕೋಪರಿನ ಒಂದು ಕೋಣೆಯ ಸಂಸಾರದಲ್ಲಿ, ಮಗನು “ನಾನು ಕೆಲಸ ಬಿಟ್ಟು ಅಭಿನಯ ಕಲಿಯಲು ಹೋಗುತ್ತೇನೆ” ಎಂದರೆ ತಂದೆತಾಯಿಗಳಿಗೆ ದಿಗಿಲಾಗುವುದರಲ್ಲಿ ಆಶ್ಚರ್ಯವಿಲ್ಲ. ಆ ವಿದ್ಯಾರ್ಥಿಯ ದಿನವು ಹೇಗೆ ಕಳೆಯುತ್ತದೆಂಬುದನ್ನು ತಿಳಿದರೆ ದಿಗಿಲು ಪೂರ್ತಿ ಹೋಗದಿದ್ದರೂ ವಿಚಾರ ಮಾಡಲು ದಾರಿಯಾದೀತು.

ಹಿಂದಿನ ಕಾಲದಲ್ಲಿ ನಾಟಕ ಕಂಪೆನಿಯೇ ಶಾಲೆಯಾಗಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯಂತಹ ಮಂಡಳಿಗಳಲ್ಲಿ ಹುಡುಗರು ಬಾಲಪಾತ್ರ ಮಾಡುತ್ತ, ಹಾಡು ಕಲಿಯುತ್ತ, ಹಿರಿಯ ನಟರನ್ನು ನೋಡಿ ನೋಡಿ ನಟರಾಗುತ್ತಿದ್ದರು. ಬಂಟ್ವಾಳದ ಸಮೀಪದ ಮಂಚಿಯಲ್ಲಿ 1929ರಲ್ಲಿ ಜನಿಸಿದ ಬಿ. ವಿ. ಕಾರಂತರು ಎಳೆಯ ವಯಸ್ಸಿನಲ್ಲಿ ಮನೆ ಬಿಟ್ಟು ಸೇರಿದ್ದು ಈ ಗುಬ್ಬಿ ಕಂಪೆನಿಯನ್ನೇ. ಮುಂದೆ ಅವರು 1959ರಲ್ಲಿ ಆರಂಭವಾದ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಓದಿ 1962ರಲ್ಲಿ ಹೊರಬಂದರು. 1977ರಲ್ಲಿ ಅದೇ ಶಾಲೆಯ ನಿರ್ದೇಶಕರೂ ಆದರು. ಅವರಿಗಿಂತ ಮುಂಚೆ, 1962ರಿಂದ 1977ರವರೆಗೆ, ಆ ಶಾಲೆಯನ್ನು ನಡೆಸಿದ ಇಬ್ರಾಹಿಂ ಅಲ್ಕಾಜಿಯವರು ನಮ್ಮ ಈ ಮುಂಬಯಿಯ ರಂಗಭೂಮಿಯಿಂದಲೇ ಹೋದವರು. ಕಂಪೆನಿಯ ಬೆವರಿಗೂ ಶಾಲೆಯ ಪಾಠಕ್ಕೂ ನಂಟು ಬೆಳೆದ ಬಗೆ ಇದು.

ಕನ್ನಡದಲ್ಲಿಯೇ ಅಂತಹ ಶಿಕ್ಷಣ ದೊರೆಯಬೇಕೆಂಬ ಆಸೆಯು ಕೈಗೂಡಿದ್ದು ಸಾಗರದ ಬಳಿಯ ಹೆಗ್ಗೋಡೆಂಬ ಅಡಕೆ ತೋಟದ ಹಳ್ಳಿಯಲ್ಲಿ. 1949ರಲ್ಲಿ ಊರ ಹವ್ಯಾಸಿಗಳು ಕಟ್ಟಿಕೊಂಡ ನೀನಾಸಂ ಎಂಬ ಸಂಸ್ಥೆಯು ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಮುಂಬಯಿಯಿಂದ ಹೋಗುವವರು ಕೊಂಕಣ ರೈಲಿನಲ್ಲಿ ಹೊನ್ನಾವರಕ್ಕೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಘಟ್ಟ ಹತ್ತಿ ಸಾಗರವನ್ನು ಸೇರಬಹುದು.

ಅಲ್ಲಿಯ ವಿದ್ಯಾರ್ಥಿಯ ದಿನವು ಸಿನೆಮಾ ಪತ್ರಿಕೆಗಳನ್ನು ಓದಿ ನಾವು ಊಹಿಸುವಂತಹದಲ್ಲ. ಬೆಳಗ್ಗೆ ಎದ್ದೊಡನೆ ಶರೀರಾಭ್ಯಾಸ. ಬೆನ್ನು, ಮೊಣಕಾಲು, ಉಸಿರು ಇವು ಹೇಳಿದಂತೆ ಕೇಳಬೇಕು. ಅನಂತರ ಧ್ವನಿಯ ಸಾಧನೆ. ಬಳಿಕ ನಾಟಕ ಸಾಹಿತ್ಯ, ರಂಗಭೂಮಿಯ ಚರಿತ್ರೆ, ಅಭಿನಯ ಸಿದ್ಧಾಂತಗಳ ಪಾಠ. ರಂಗಸಜ್ಜಿಕೆ, ಬೆಳಕು, ಪ್ರಸಾಧನಗಳನ್ನು ಕೈಯಾರೆ ಮಾಡಿ ಕಲಿಯಬೇಕು. ರಾಜನ ಪಾತ್ರ ಮಾಡುವವನೇ ಹಲಗೆ ಹೊರುತ್ತಾನೆ, ಮೊಳೆ ಹೊಡೆಯುತ್ತಾನೆ, ರಂಗವನ್ನು ಗುಡಿಸುತ್ತಾನೆ. ನಾಟಕ ಸಿದ್ಧವಾಗುವ ದಿನಗಳಲ್ಲಿ ತಾಲೀಮು ರಾತ್ರಿಯವರೆಗೂ ಎಳೆಯುತ್ತದೆ. ಸುಮಾರು ಹತ್ತು ತಿಂಗಳು ಹೀಗೆ ಒಂದೇ ಆವರಣದಲ್ಲಿ ವಾಸ.

ಇದನ್ನು ಓದಿ ನಮ್ಮ ಹೋಟೆಲ್ ಬಾಂಧವರು ನಕ್ಕಾರು. ನಸುಕಿನಲ್ಲಿ ಏಳುವುದು, ದಿನವೆಲ್ಲ ನಿಂತಿರುವುದು, ಮೈ ನೊಂದರೂ ಗಿರಾಕಿಯೆದುರು ಮುಖ ಗಂಟು ಹಾಕದಿರುವುದು ಅವರಿಗೆ ಹೊಸತಲ್ಲ. ಅಭಿನಯದ ತರಗತಿಗಳಲ್ಲಿ ಇಲ್ಲದ ಲೋಟವನ್ನು ಇದೆಯೆಂಬಂತೆ ಹಿಡಿಯುವ ಒಂದು ಅಭ್ಯಾಸವುಂಟು. ಅದರ ಭಾರ, ಬಿಸಿ, ತುಂಬಿದ ಅಂಚು ಎಲ್ಲವೂ ಬೆರಳಲ್ಲಿ ಕಾಣಬೇಕು. ನಾಲ್ಕು ಗ್ಲಾಸು ಚಹವನ್ನು ಒಂದೇ ಕೈಯಲ್ಲಿ ಹಿಡಿದು ಜನರ ನಡುವೆ ನುಸುಳುವ ಮಾಣಿಯ ಕೈಗೆ ಈ ಪಾಠ ಅರ್ಧ ಬಂದೇ ಇದೆ. ಆದರೆ ಕೆಲಸದಲ್ಲಿ ತಾನಾಗಿ ಆಗುವುದನ್ನು ರಂಗದ ಮೇಲೆ ತಿಳಿದು ಮಾಡಬೇಕು. ಇಂದು ಮಾಡಿದ್ದನ್ನು ನಾಳೆಯೂ ಅಷ್ಟೇ ಜೀವದಿಂದ ಮಾಡಬೇಕು. ಶಾಲೆ ಕಲಿಸುವುದು ಈ ಉಳಿದರ್ಧವನ್ನು.

ನಮ್ಮ ಮಕ್ಕಳಿಗೆ ನಿಜವಾದ ಕಷ್ಟವಿರುವುದು ಬೇರೆ ಕಡೆ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಗಿರಾಕಿಗಳೊಡನೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆದ ತರುಣನು ಕನ್ನಡ ನಾಟಕದ ಪ್ರತಿಯನ್ನು ಕೈಗೆ ತೆಗೆದುಕೊಂಡಾಗ ಅಕ್ಷರ ಕೂಡಿಸಿ ಕೂಡಿಸಿ ಓದುವ ಸ್ಥಿತಿ ಬಂದರೆ ಏನು ಮಾಡುವುದು? ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ಶಕಾರ ಸಕಾರಗಳ ಭೇದ ನಾಲಗೆಯಲ್ಲಿ ನಿಲ್ಲದೆ ನಟನ ಮಾತು ಕೊನೆಯ ಸಾಲನ್ನು ಮುಟ್ಟುವುದಿಲ್ಲ. ಕನ್ನಡವನ್ನು ಮನೆಯಲ್ಲಿ ಬಿಟ್ಟುಕೊಟ್ಟವರು ಮಗನಿಗೆ ಈ ಬಾಗಿಲನ್ನೂ ತಿಳಿಯದೆ ಮುಚ್ಚಿದಂತೆಯೇ. ಒಂದು ಕಾಲಕ್ಕೆ ಈ ಶಹರದ ರಾತ್ರಿಶಾಲೆಗಳಲ್ಲಿ ಹೋಟೆಲಿನ ಹುಡುಗರು ಕೆಲಸ ಮುಗಿಸಿ ಬಂದು ಅಕ್ಷರ ಕಲಿತರು. ಆ ಛಲ ನಮಗೆ ಪರಕೀಯವೇನೂ ಅಲ್ಲ.

ಕಲಿತಾದ ಮೇಲೆ ಹೊಟ್ಟೆಗೇನೆಂಬ ಪ್ರಶ್ನೆಯನ್ನು ಮರೆಮಾಚಬಾರದು. ನೀನಾಸಂ 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ತಂಡವನ್ನು ಆರಂಭಿಸಿತು. 1989ರಲ್ಲಿ ಕಾರಂತರು ಮೈಸೂರಿನಲ್ಲಿ ರಂಗಾಯಣವನ್ನು ಕಟ್ಟಿದರು. ಇಂತಹ ಸ್ಥಾನಗಳು ಕೆಲವೇ. ಶಿಕ್ಷಣ ಪಡೆದವರೆಲ್ಲರೂ ನಟನೆಯಿಂದಲೇ ಬದುಕುವರೆಂದು ಯಾರೂ ಮಾತು ಕೊಡಲಾರರು. ತಿಂಗಳ ಸಂಬಳದಿಂದ ಊರಿಗೆ ಹಣ ಕಳುಹಿಸುವ ಹುಡುಗನಿಗೆ ಹತ್ತು ತಿಂಗಳ ಸಂಪಾದನೆ ನಿಲ್ಲುವುದು ಸಣ್ಣ ಮಾತಲ್ಲ.

ಆದುದರಿಂದ ಆಸೆಯುಳ್ಳವರು ಆತುರಪಡದೆ, ಮೊದಲು ಒಂದು ವರ್ಷ ಯಾವುದಾದರೊಂದು ಹವ್ಯಾಸಿ ತಂಡದಲ್ಲಿ ದುಡಿಯಲಿ. ಪಾತ್ರ ಸಿಗದಿದ್ದರೂ ಪರದೆ ಎಳೆಯುವ ಕೆಲಸ ಹಿಡಿಸುತ್ತದೆಯೇ ಎಂಬುದನ್ನು ತಾವೇ ಪರೀಕ್ಷಿಸಿಕೊಳ್ಳಲಿ. ದಿನಕ್ಕೆ ಅರ್ಧ ಗಂಟೆ ಕನ್ನಡವನ್ನು ಗಟ್ಟಿಯಾಗಿ ಓದಲಿ. ಮನೆಗೆ ಬೇಕಾದ ಹತ್ತು ತಿಂಗಳ ಖರ್ಚನ್ನು ಕೂಡಿಡಲಿ. ಪದವೀಧರರಾದ ಗುಮಾಸ್ತರಿಗೆ ದೂರ ಹೋಗಲಾಗದಿದ್ದರೆ ಮುಂಬಯಿ ವಿಶ್ವವಿದ್ಯಾಲಯವು 2003ರಲ್ಲಿ ಕಲೀನಾದಲ್ಲಿ ತೆರೆದ ರಂಗಕಲಾ ವಿಭಾಗವಿದೆ. ಘಾಟ್ಕೋಪರಿನಿಂದ ಎರಡನೆಯ ನಿಲ್ದಾಣವಾದ ಕುರ್ಲಾದಲ್ಲಿಳಿದು ಬಸ್ಸು ಹಿಡಿದರಾಯಿತು. ಅಲ್ಲಿನದು ಸ್ನಾತಕೋತ್ತರ ಅಭ್ಯಾಸ. ಕನ್ನಡದಲ್ಲಿ ನಟಿಸಬೇಕೆಂಬವರಿಗೆ ಹೆಗ್ಗೋಡಿನ ದಾರಿಯೇ ಹೆಚ್ಚು ನೇರ.

ತಂದೆತಾಯಿಗಳಲ್ಲಿಯೂ ಒಂದು ವಿನಂತಿಯುಂಟು. ಮಗನು ಇಂತಹ ಮಾತೆತ್ತಿದಾಗ ಗದರಿಸುವುದಕ್ಕೆ ಮುಂಚೆ, ದಿನವೆಲ್ಲ ದುಡಿಯಲು, ನೆಲ ಗುಡಿಸಲು, ಬೈಸಿಕೊಂಡು ಮತ್ತೆ ಕಲಿಯಲು ಅವನು ಸಿದ್ಧನೇ ಎಂದು ಕೇಳಿರಿ. ಸಿದ್ಧನಾಗಿದ್ದರೆ ಅವನು ಆರಿಸಿಕೊಂಡದ್ದು ಸೋಮಾರಿಗಳ ಮಾರ್ಗವಲ್ಲ. ನೀವು ನಡೆದು ಬಂದಂತಹ ದುಡಿಮೆಯ ಮಾರ್ಗವೇ ಅದು.