ಸಂಶೋಧನೆಯ ಫಲವು ರೈತನ ಹೊಲವನ್ನು ಸೇರುವ ಬಗೆ: ಇಲವಾಲ ಹೋಬಳಿಯ ಗ್ರಾಮಪ್ರಮುಖರ ಅವಗಾಹನೆಗೆ

ಮೈಸೂರಿನಿಂದ ಹುಣಸೂರಿಗೆ ಹೋಗುವ ಹೆದ್ದಾರಿಯಲ್ಲಿರುವ ಇಲವಾಲವು ದೊಡ್ಡ ವಿಚಾರಗಳಿಗೆ ಹೊಸದಾದ ಸ್ಥಳವಲ್ಲ. ಆಚಾರ್ಯ ವಿನೋಬಾ ಭಾವೆಯವರ ಗ್ರಾಮದಾನದ ಪರಿಷತ್ತು 1957ನೆಯ ಸೆಪ್ಟೆಂಬರಿನಲ್ಲಿ ಸೇರಿದುದು ಇಲ್ಲಿಯೇ. ಪ್ರಧಾನಮಂತ್ರಿ ನೆಹರೂ ಅವರೂ ಅದಕ್ಕೆ ಬಂದಿದ್ದರು. ಅಂದು ಚರ್ಚೆಗೆ ಬಂದುದು ಭೂಮಿಯ ಹಂಚಿಕೆ. ಇಂದು ಗ್ರಾಮಪ್ರಮುಖರೂ ಜಮೀನುಳ್ಳವರೂ ಆಲೋಚಿಸಬೇಕಾದುದು ಆ ಭೂಮಿಯನ್ನು ಕುರಿತ ತಿಳಿವಳಿಕೆಯ ಹಂಚಿಕೆ. ಕಣಜದಲ್ಲಿಯೇ ಉಳಿದ ಬೀಜವು ಮೊಳೆಯುವುದಿಲ್ಲ. ಪ್ರಯೋಗಶಾಲೆಯಲ್ಲಿಯೇ ಉಳಿದ ವಿದ್ಯೆಯೂ ಅಂತಹುದೇ.

ಹಿಂದಿನವರು ಸಾಧಿಸಿದ ರೀತಿ

ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ನರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದಾಗ ಮಲೆನಾಡಿನ ಅಡಕೆ ತೋಟಗಳು ಕೊಳೆರೋಗದಿಂದ ಹಾಳಾಗುತ್ತಿದ್ದವು. ಮಳೆಗಾಲದ ತೇವದಲ್ಲಿ ಬೆಳೆಯುವ ಒಂದು ಬಗೆಯ ಬೂಜೇ ಇದಕ್ಕೆ ಮೂಲವೆಂದೂ, ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ ಗೊನೆಗಳಿಗೆ ಸಿಂಪಡಿಸಿದರೆ ಫಸಲು ಉಳಿಯುವುದೆಂದೂ ಅವರು ತೋರಿಸಿಕೊಟ್ಟರು. ಆ ದ್ರಾವಣವು ಇಂದಿಗೂ ಬಳಕೆಯಲ್ಲಿದೆ: 100 ಲೀಟರು ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅಚ್ಚಾದ ಪತ್ರಿಕೆಯನ್ನು ಓದಿ ಮರ ಹತ್ತುವವರು ವಿರಳ. ಸಿಂಪಡಿಸಿದ ತೋಟದಲ್ಲಿ ಗೊನೆ ನಿಂತುದನ್ನೂ ಪಕ್ಕದ ತೋಟದಲ್ಲಿ ಕಾಯಿ ಉದುರಿದುದನ್ನೂ ಕಣ್ಣಾರೆ ಕಂಡವನಿಗೆ ಬೇರೆ ಉಪದೇಶವು ಬೇಕಿಲ್ಲ.

ನಮ್ಮ ಸೀಮೆಗೆ ಇನ್ನೂ ಹತ್ತಿರವಾದ ಉದಾಹರಣೆಯೆಂದರೆ ರಾಗಿ. ಮಂಡ್ಯದ ವಿಶ್ವೇಶ್ವರಯ್ಯ ನಾಲಾಕ್ಷೇತ್ರದಲ್ಲಿ ಶ್ರಮಿಸಿ ‘ರಾಗಿ ಲಕ್ಷ್ಮಣಯ್ಯ’ನವರೆಂದೇ ಹೆಸರಾದ ವಿಜ್ಞಾನಿಗಳು ನಮ್ಮ ನಾಡಿನ ರಾಗಿಯನ್ನು ಆಫ್ರಿಕಾ ಖಂಡದ ರಾಗಿಯೊಡನೆ ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ಪಡೆದರು. ‘ಇಂಡಿಯಾ’ ಮತ್ತು ‘ಆಫ್ರಿಕಾ’ ಎಂಬೆರಡು ಹೆಸರುಗಳು ಕೂಡಿ ಆದ ಪದವೇ ಅದು. ರಾಗಿಯು ತನ್ನ ಪರಾಗದಿಂದಲೇ ಕಾಳು ಕಟ್ಟುವ ಬೆಳೆಯಾದುದರಿಂದ, ಒಬ್ಬನು ಬೆಳೆದ ಒಳ್ಳೆಯ ತಳಿಯು ಮರುವರ್ಷವೇ ನೆರೆಯವನ ಬಿತ್ತನೆಗೆ ಒದಗುವುದು. ಇಂತಹ ಬೆಳೆಯಲ್ಲಿ ಒಬ್ಬ ರೈತನಿಗೆ ಕೊಟ್ಟ ಬೀಜವು ಒಂದು ಹಳ್ಳಿಗೇ ಕೊಟ್ಟಂತೆ.

ಮಾತು ಎಡವುವ ಸ್ಥಳ

1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಇಂದು ಸುತ್ತೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವೂ, ನಾಗನಹಳ್ಳಿಯಲ್ಲಿ ಸಂಶೋಧನಾ ಕ್ಷೇತ್ರವೂ, ಇಲವಾಲದ ಸಮೀಪದಲ್ಲಿಯೇ ತೋಟಗಾರಿಕೆ ಮಹಾವಿದ್ಯಾಲಯವೂ ಇವೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಆದುದರಿಂದ ಕೊರತೆಯಿರುವುದು ಸಂಸ್ಥೆಗಳಲ್ಲಿ ಅಲ್ಲ. ಹೇಳುವವನ ಮಾತು ಕೇಳುವವನ ಅಳತೆಗೆ ಇಳಿಯದಿರುವುದೇ ಮುಖ್ಯವಾದ ಕೊರತೆ.

ಒಂದು ನಿದರ್ಶನವನ್ನು ನೋಡೋಣ. ಮಳೆಯಾಶ್ರಯದ ರಾಗಿಗೆ ಹೆಕ್ಟೇರಿಗೆ 50 ಕಿಲೋ ಸಾರಜನಕವೆಂದು ಶಿಫಾರಸು ಇದೆ. ರೈತನು ಲೆಕ್ಕ ಹಾಕುವುದು ಎಕರೆ-ಗುಂಟೆಗಳಲ್ಲಿ. ಅವನು ಕೊಳ್ಳುವುದು ಸಾರಜನಕವನ್ನಲ್ಲ, ಯೂರಿಯಾವನ್ನು. ಎರಡೂವರೆ ಎಕರೆಗೆ ಒಂದು ಹೆಕ್ಟೇರು ಎಂದರೆ ಎಕರೆಗೆ 20 ಕಿಲೋ ಸಾರಜನಕ. 100 ಕಿಲೋ ಯೂರಿಯಾದಲ್ಲಿ ಸಾರಜನಕವು 46 ಕಿಲೋ. ಬೇರೆ ಗೊಬ್ಬರ ಹಾಕದಿದ್ದಲ್ಲಿ ಎಕರೆಗೆ ಬೇಕಾದ ಯೂರಿಯಾ ಸುಮಾರು 43 ಕಿಲೋ, ಅಂದರೆ 45 ಕಿಲೋ ಚೀಲಕ್ಕೂ ತುಸು ಕಡಿಮೆ. ಈ ಲೆಕ್ಕವನ್ನು ಬಿಡಿಸಿ ಹೇಳದಿದ್ದರೆ ಒಬ್ಬನು ಎರಡು ಚೀಲ ಸುರಿದು ಹಣವನ್ನೂ ಬೆಳೆಯನ್ನೂ ಕೆಡಿಸಿಕೊಳ್ಳುವನು. ಮತ್ತೊಬ್ಬನು ಏನೂ ಅರ್ಥವಾಗದೆ ಸುಮ್ಮನಾಗುವನು.

ಕಾಲದ ವಿಚಾರವೂ ಹಾಗೆಯೇ. ಬೆಂಕಿರೋಗವನ್ನು ತಡೆಯುವ ಜಿಪಿಯು-28 ತಳಿಯು ಮಧ್ಯಮಾವಧಿಯದು. ಸುಮಾರು ನೂರು ದಿನಗಳೊಳಗೆ ಮಾಗುವ ಜಿಪಿಯು-48 ಅಲ್ಪಾವಧಿಯದು. ಮುಂಗಾರು ತಡವಾದ ವರ್ಷ ಆಗಸ್ಟ್ ಕಡೆಯಲ್ಲಿ ದೀರ್ಘಾವಧಿಯ ತಳಿಯನ್ನು ಬಿತ್ತಿದರೆ ಕಾಳು ಕಟ್ಟುವ ವೇಳೆಗೆ ಮಳೆಯೇ ನಿಂತಿರುವುದು. ಆಗ ರೈತನು ತಳಿಯನ್ನೇ ಹಳಿಯುವನು. ಮುಂದಿನ ಸಲ ಸರಿಯಾದ ಸಲಹೆ ಬಂದರೂ ಕಿವಿಗೊಡನು. ಒಂದು ಅರೆಬರೆ ಮಾತಿನಿಂದ ಹೋದ ನಂಬಿಕೆಯನ್ನು ಮರಳಿ ಪಡೆಯಲು ಹಲವು ಬೆಳೆಗಾಲಗಳು ಬೇಕಾಗುವುವು.

ಗ್ರಾಮಪ್ರಮುಖರು ಮಾಡತಕ್ಕುದು

ಜಮೀನುಳ್ಳವರು ತಮ್ಮ ಹೊಲದ ದಾರಿಬದಿಯಲ್ಲಿ, ಹೋಗಿಬರುವವರ ಕಣ್ಣಿಗೆ ಬೀಳುವಂತೆ, ಐದೈದು ಗುಂಟೆಯ ಎರಡು ಪಟ್ಟೆಗಳನ್ನು ಮೀಸಲಿಡಬೇಕು. ಒಂದರಲ್ಲಿ ರೂಢಿಯ ಕ್ರಮ, ಮತ್ತೊಂದರಲ್ಲಿ ಹೊಸ ಕ್ರಮ. ಮಣ್ಣು, ಬಿತ್ತಿದ ದಿನ, ಕಳೆ ತೆಗೆದ ಸಲ ಇವೆಲ್ಲ ಎರಡಕ್ಕೂ ಒಂದೇ ಆಗಿರಬೇಕು; ವ್ಯತ್ಯಾಸವು ಒಂದೇ ಒಂದು ಸಂಗತಿಯಲ್ಲಿರಬೇಕು. ತಳಿ, ಗೊಬ್ಬರ, ಸಾಲಿನ ಅಂತರ ಮೂರನ್ನೂ ಒಮ್ಮೆಗೇ ಬದಲಿಸಿದರೆ ಲಾಭವು ಯಾವುದರಿಂದ ಬಂತೆಂದು ತಿಳಿಯದು. ಒಕ್ಕಣೆಯಾದ ಮೇಲೆ ಕಾಳನ್ನು ಮಾತ್ರವಲ್ಲದೆ ಹುಲ್ಲನ್ನೂ ತೂಗಬೇಕು. ದನಕರುಗಳುಳ್ಳ ಮನೆಗೆ ಹುಲ್ಲೂ ಫಸಲೇ.

ಮಣ್ಣು ಪರೀಕ್ಷೆಗೆ ಕಳುಹಿಸುವಾಗ ಒಂದೇ ಮೂಲೆಯ ಹಿಡಿಮಣ್ಣು ಸಾಲದು. ಎಕರೆಯಲ್ಲಿ ಎಂಟು ಹತ್ತು ಕಡೆ, ಆರು ಅಂಗುಲದ ಆಳದವರೆಗೆ ತೆಗೆದು, ಬೆರಸಿ, ಅರ್ಧ ಕಿಲೋ ಉಳಿಸಿ ಕಳುಹಿಸಬೇಕು. ತಿಪ್ಪೆಯ ಪಕ್ಕ, ಬದು, ಮರದ ನೆರಳು ಇವನ್ನು ಬಿಡಬೇಕು.

ಸಭೆಯನ್ನು ಸೇರಿಸುವಾಗ ಖಾತೆದಾರರನ್ನು ಮಾತ್ರ ಕರೆಯುವುದು ಸಾಲದು. ಬೀಜ ಕಾದಿಡುವವರೂ ಕಳೆ ಕೀಳುವವರೂ ಬಹುಮಟ್ಟಿಗೆ ಹೆಂಗಸರು. ಅವರ ಕಿವಿಗೆ ಬೀಳದ ಸಲಹೆಯು ಹೊಲಕ್ಕೆ ಇಳಿಯದು.

ಕಡೆಯದಾಗಿ, ಪ್ರಯೋಗವು ಫಲಿಸದಿದ್ದರೆ ಅದನ್ನು ಮುಚ್ಚಿಡಬಾರದು. ಬರೆದಿಟ್ಟು ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಬೇಕು. ವಿದ್ವಾಂಸರೂ ರೈತನಿಂದ ಕಲಿಯುವುದುಂಟು. ರಾಗಿಯ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಹಿರಿಯರ ಬಳಕೆ. ರಾಗಿ ಎಂಟು ಸಾಲಿಗೆ ತೊಗರಿ ಎರಡು ಸಾಲೆಂದು ವಿಶ್ವವಿದ್ಯಾಲಯವು ಹೇಳುವುದು ಆ ಬಳಕೆಯನ್ನೇ ಅಳೆದು ನೋಡಿ. ಹೊಲದಿಂದ ಪ್ರಶ್ನೆಯು ಹೋಗಿ, ಪ್ರಯೋಗಶಾಲೆಯಿಂದ ಉತ್ತರವು ಬಂದು, ಆ ಉತ್ತರವು ಮತ್ತೆ ಹೊಲದಲ್ಲಿ ಪರೀಕ್ಷೆಗೆ ನಿಂತಾಗಲೇ ವಿದ್ಯೆಯು ಸಾರ್ಥಕವಾಗುವುದು. ಮುಂದಿನ ಮುಂಗಾರಿಗೆ ಮೊದಲು ಪ್ರತಿ ಗ್ರಾಮದಲ್ಲಿಯೂ ಒಬ್ಬರಾದರೂ ಆ ಹತ್ತು ಗುಂಟೆಯನ್ನು ಗುರುತಿಸಿಡಬೇಕೆಂದು ಕೋರುತ್ತೇವೆ.