ನಿಮಗಿದು ಗೊತ್ತೇ? ಹಳೇ ಕೋವಿಗೆ ಹೊಸ ತುಕ್ಕು!

ಹಳೇ ರೈಫಲ್ಲಿನ ನಳಿಗೆ ಮೇಲೆ ಮಿರಮಿರ ಮಿಂಚುವ ಕಪ್ಪು-ನೀಲಿ ಬಣ್ಣ ನೋಡಿದ್ದೀರಾ? ಅದು ಪೇಂಟ್ ಅಲ್ಲ. ಪಾಲಿಶ್ಶೂ ಅಲ್ಲ. ತುಕ್ಕು! ಹೌದು, ಬೇಕೆಂದೇ ಹಿಡಿಸಿದ ತುಕ್ಕು!

ಹೇಗೆ ಅಂತೀರಾ? ನಳಿಗೆಯನ್ನು ನುಣ್ಣಗೆ ಉಜ್ಜಿ, ಜಿಡ್ಡೆಲ್ಲ ತೆಗೆದು, ಆಮ್ಲ ಬೆರೆಸಿದ ದ್ರಾವಣವನ್ನು ತೆಳ್ಳಗೆ ಸವರುತ್ತಾರೆ. ತೇವ ತುಂಬಿದ ಪೆಟ್ಟಿಗೆಯಲ್ಲಿಟ್ಟರೆ ಕೆಲವು ಗಂಟೆಗಳಲ್ಲಿ ಮೈತುಂಬ ಕೆಂಪು ತುಕ್ಕು. ಈಗ ಅದನ್ನು ಕುದಿಯುವ ನೀರಿನಲ್ಲಿ ಮುಳುಗಿಸಿ. ಕೆಂಪು ತುಕ್ಕು ಕಣ್ಣೆದುರೇ ಕಪ್ಪಾಗುತ್ತದೆ! ಮೇಲೆ ನಿಂತ ಕಪ್ಪು ಪುಡಿಯನ್ನು ನವಿರಾದ ತಂತಿ ಬ್ರಷ್ಷಿನಿಂದ ಉಜ್ಜಿದರೆ ಅಡಿಯಲ್ಲಿ ಬೂದು ಛಾಯೆ. ಮತ್ತೆ ಸವರು, ಮತ್ತೆ ತುಕ್ಕು ಹಿಡಿಸು, ಮತ್ತೆ ಕುದಿಸು. ಐದಾರು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು. ಕೊನೆಗೆ ಎಣ್ಣೆ ಹಚ್ಚಿದಾಗ ಬರುತ್ತದೆ ನೋಡಿ ಆ ಬಣ್ಣ! ಕೆಂಪು ತುಕ್ಕು ಕಬ್ಬಿಣವನ್ನು ತಿನ್ನುತ್ತದೆ, ಕಪ್ಪು ತುಕ್ಕು ಅದನ್ನೇ ಕಾಯುತ್ತದೆ. ನಮ್ಮ ಆಗುಂಬೆಯ ಜುಲೈ ತಿಂಗಳಲ್ಲಾದರೆ ಆ ತೇವದ ಪೆಟ್ಟಿಗೆಯ ಖರ್ಚೂ ಉಳಿಯುತ್ತಿತ್ತು, ಬಿಡಿ!

ಇಷ್ಟೆಲ್ಲ ಮಾಡುವಾಗ ಬರಿಗೈಯಿಂದ ಒಮ್ಮೆ ಮುಟ್ಟಿದಿರೋ, ಕೆಟ್ಟಿತು. ಬೆರಳಿನ ಜಿಡ್ಡು ತಾಗಿದ ಕಡೆ ಬಣ್ಣ ಸರಿಯಾಗಿ ಕೂರುವುದೇ ಇಲ್ಲ!

ಈ ತುಕ್ಕಿಗೂ ಪಾಕಶಾಸ್ತ್ರವಿದೆ. 1936ರಲ್ಲಿ ಆಂಜಿಯರ್ ಎಂಬಾತ ಕೋವಿಗೆ ಬಣ್ಣ ಬರಿಸುವುದರ ಬಗ್ಗೆಯೇ ಒಂದು ಪುಸ್ತಕ ಬರೆದ. ಅದರಲ್ಲಿರುವ ವಿಧಾನಗಳು ಇನ್ನೂರಕ್ಕೂ ಹೆಚ್ಚು!

ದ್ರಾವಣವೇ ಇಲ್ಲದೆ ಬಣ್ಣ ಬರಿಸಬಹುದು ಗೊತ್ತಾ? ಬರೀ ಬಿಸಿ ಸಾಕು. ನುಣುಪಾದ ಉಕ್ಕನ್ನು ಕಾಯಿಸುತ್ತಾ ಹೋಗಿ. ಸುಮಾರು 220 ಡಿಗ್ರಿ ಸೆಲ್ಸಿಯಸ್ಸಿಗೆ ಒಣಹುಲ್ಲಿನ ಹಳದಿ. ಆಮೇಲೆ ಕಂದು, ನೇರಳೆ. 300ರ ಹತ್ತಿರ ಬಂದಾಗ ಝಗ್ಗೆನ್ನುವ ನವಿಲುನೀಲಿ! ಸೋಪಿನ ಗುಳ್ಳೆಯಲ್ಲಿ ಬಣ್ಣ ಕಂಡಂತೆಯೇ ಇದೂ. ಉಕ್ಕಿನ ಮೇಲೆ ಕೂತ ತೆಳುಪೊರೆಯಲ್ಲಿ ಬೆಳಕು ಆಡುವ ಆಟ. ಹಳೇ ರೈಫಲ್ಲುಗಳ ಸಣ್ಣ ಸಣ್ಣ ಸ್ಕ್ರೂಗಳನ್ನು ಬಿಚ್ಚಿ ನೋಡಿದರೆ ಈ ನೀಲಿ ಇನ್ನೂ ಅಡಗಿ ಕೂತಿರುವುದುಂಟು.

ಜೋಡುನಳಿಗೆ ಕೋವಿಗೆ ಮಾತ್ರ ಹುಷಾರು! ಈಗಿನ ಕಾರ್ಖಾನೆಗಳಲ್ಲಿ ಕಾಸ್ಟಿಕ್ ಸೋಡಾದ ಕುದಿಯುವ ತೊಟ್ಟಿಯಲ್ಲಿ ಅದ್ದಿ, ಬೇಗ ಬಣ್ಣ ಬರಿಸುತ್ತಾರೆ. ಎರಡು ನಳಿಗೆಗಳನ್ನು ಹಿಡಿದಿಟ್ಟಿರುವ ಸೀಸದ ಬೆಸುಗೆಯನ್ನೇ ಆ ಸೋಡಾ ತಿಂದುಬಿಡುತ್ತದೆ. ಬಣ್ಣಕ್ಕೆಂದು ಕೊಟ್ಟ ಕೋವಿ ಹೋಳಾಗಿ ವಾಪಸ್!

ಕೆಲವು ಹಳೇ ಕೋವಿಗಳ ಲೋಹದ ಮೇಲೆ ನೀಲಿ, ಕಂದು, ಬೂದು ಬಣ್ಣಗಳು ಮೋಡ ಹರಡಿದಂತೆ ಕಾಣುತ್ತವೆ. ಅದನ್ನು ಬರಿಸಲು ಏನು ಬೇಕು ಊಹಿಸಿ. ಮೂಳೆ! ಸುಟ್ಟ ಮೂಳೆ, ಚರ್ಮ, ಇದ್ದಿಲ ಜೊತೆ ಉಕ್ಕಿನ ಭಾಗಗಳನ್ನು ಡಬ್ಬಿಯಲ್ಲಿ ತುಂಬಿ, ಕೆಂಪಗೆ ಕಾಯಿಸಿ, ಗಾಳಿಗುಳ್ಳೆ ಏಳುತ್ತಿರುವ ನೀರಿಗೆ ದಬಕ್ಕನೆ ಸುರಿಯುತ್ತಾರೆ. ಒಂದರಂತೆ ಇನ್ನೊಂದು ಬರುವುದೇ ಇಲ್ಲ. ಬಿಸಿಲಿಗಿಟ್ಟರೆ ಆ ಬಣ್ಣ ಮಾಸಿಯೂ ಹೋಗುತ್ತದೆ!

ಇನ್ನು ಮರದ ಹಿಡಿಗೆ ಬನ್ನಿ. ಲಂಡನ್ನಿನ ಕೋವಿ ಕುಶಲಿಗರು ಆಕ್ರೋಟು ಮರದ ಹಿಡಿಗೆ ಕೆಂಪು ಛಾಯೆ ಕೊಡಲು ಅಗಸೆ ಎಣ್ಣೆಯಲ್ಲಿ ಆಲ್ಕನೆಟ್ ಎಂಬ ಬೇರನ್ನು ನೆನೆಹಾಕುತ್ತಿದ್ದರು. ಕಾಶ್ಮೀರದ ರೋಗನ್ ಜೋಶ್‌ಗೆ ಕೆಂಪು ಕೊಡುವ ರತನ್‌ಜೋತ್ ಬೇರು ಇದರ ಹತ್ತಿರದ ನೆಂಟ. ಅಡುಗೆಮನೆಗೂ ಆಯುಧಶಾಲೆಗೂ ಒಂದೇ ಬಣ್ಣ!

ರಷ್ಯಾದ ಮೊಸಿನ್-ನಾಗಾಂತ್ ರೈಫಲ್ಲಿನ ಹಿಡಿಗೆ ಸೋವಿಯತ್ ಕಾರ್ಖಾನೆಗಳು ಬಳಿದದ್ದು ಅರಗಿನ ಮೆರುಗು. ಅರಗು ಕೊಡುವುದು ಒಂದು ಪುಟ್ಟ ಕೀಟ. ಚನ್ನಪಟ್ಟಣದ ಗೊಂಬೆಗೆ ಹೊಳಪು ಬರುವುದೂ ಅರಗಿನಿಂದಲೇ!

ಮರದ ಹಿಡಿ ತಗ್ಗುಬಿದ್ದಿದೆಯೇ? ಉಜ್ಜುಕಾಗದ ಹಿಡಿದು ಕೂರಬೇಡಿ. ತಗ್ಗಿನ ಮೇಲೆ ಒದ್ದೆ ಬಟ್ಟೆ ಹಾಸಿ, ಬಿಸಿ ಇಸ್ತ್ರಿಪೆಟ್ಟಿಗೆಯ ತುದಿ ಒತ್ತಿ. ಚುಸ್ಸೆಂದು ಹಬೆ ಎದ್ದು, ನಜ್ಜುಗುಜ್ಜಾದ ಮರದ ನಾರು ಉಬ್ಬಿ ಮೇಲೆ ಬರುತ್ತದೆ. ಉಜ್ಜಿದಿರೋ, ಹಿಡಿಯ ಮೇಲಿನ ಸೇನಾ ಪರೀಕ್ಷಕರ ಮುದ್ರೆಯೂ ಅಳಿಸಿಹೋಗುತ್ತದೆ. ಸಂಗ್ರಹಕಾರರು ಹಣ ಸುರಿಯುವುದೇ ಆ ಮುದ್ರೆಗೆ!

ಈಗ ತಮಾಷೆ ಕೇಳಿ. ಇಷ್ಟು ಕಷ್ಟಪಟ್ಟು ಹೊಸ ಬಣ್ಣ ಬರಿಸಿದ ಅಪರೂಪದ ರೈಫಲ್ಲಿಗೆ ಹರಾಜಿನಲ್ಲಿ ಬೆಲೆ ಏರುವುದಿಲ್ಲ, ಬಹಳಷ್ಟು ಸಲ ಇಳಿಯುತ್ತದೆ! ಕಾರ್ಖಾನೆಯಲ್ಲಿ ಬಂದ ಮೂಲ ಬಣ್ಣ ಶೇಕಡಾ ಎಷ್ಟು ಉಳಿದಿದೆ ಎಂದು ಅಮೆರಿಕದ ಹರಾಜು ಕ್ಯಾಟಲಾಗುಗಳಲ್ಲೇ ಬರೆದಿರುತ್ತದೆ. ಮಾಸಿದ್ದರೂ ಮೂಲದ್ದೇ ಮೇಲು. ನನಗಂತೂ ಇದು ಸರಿಯೆಂದೇ ಕಾಣುತ್ತದೆ.

ಎಷ್ಟು ಬೆಲೆ ಬರಬಹುದು? ಅಪಾಚೆ ನಾಯಕ ಜೆರೊನಿಮೊನನ್ನು ಬೆನ್ನಟ್ಟಿದ ಕ್ಯಾಪ್ಟನ್ ಲಾಟನ್‌ಗೆ ಉಡುಗೊರೆಯಾಗಿ ಸಿಕ್ಕಿದ್ದು 1886ರ ಮಾದರಿಯ ವಿಂಚೆಸ್ಟರ್. ಅದರ ಕ್ರಮಸಂಖ್ಯೆ 1! 2016ರಲ್ಲಿ ರಾಕ್ ಐಲ್ಯಾಂಡ್ ಹರಾಜಿನಲ್ಲಿ ಅದು ಹೋದದ್ದು 12 ಲಕ್ಷ 65 ಸಾವಿರ ಡಾಲರಿಗೆ!

ರೈಫಲ್ ಹುಡುಕಲು ಸಿನಿಮಾ ಕಂಪನಿ ಹೊರಟ ಕಥೆ ಗೊತ್ತೇ? ಹತ್ತೊಂಬತ್ತನೇ ಶತಮಾನದಲ್ಲಿ ವಿಂಚೆಸ್ಟರ್ ಕಂಪನಿ ತನ್ನ ಅತ್ಯುತ್ತಮ ನಳಿಗೆಗಳ ರೈಫಲ್ಲಿಗೆ 'ಸಾವಿರಕ್ಕೊಂದು' ಎಂದು ಕೆತ್ತಿಸಿ 100 ಡಾಲರಿಗೆ ಮಾರುತ್ತಿತ್ತು. 1873ರ ಮಾದರಿಯಲ್ಲಿ ಅಂಥವು ತಯಾರಾದದ್ದೇ ನೂರಮೂವತ್ತರ ಆಸುಪಾಸು. 1950ರಲ್ಲಿ ಜೇಮ್ಸ್ ಸ್ಟುವರ್ಟ್ ನಟಿಸಿದ 'ವಿಂಚೆಸ್ಟರ್ '73' ಚಿತ್ರದ ಪ್ರಚಾರಕ್ಕೆ, ಉಳಿದಿರುವ 'ಸಾವಿರಕ್ಕೊಂದು'ಗಳನ್ನು ಹುಡುಕುವ ಸ್ಪರ್ಧೆ ಇಟ್ಟರು. ಮರೆತೇಹೋಗಿದ್ದ ಕೆಲವು ಬೆಳಕಿಗೆ ಬಂದವು!

ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898ರವರೆಗೆ ತಯಾರಾದ ಬಂದೂಕು ಪುರಾತನ ವಸ್ತು. 1899ರ ಜನವರಿ 1ರಂದು ಹುಟ್ಟಿದ್ದು ಮಾಮೂಲಿ ಬಂದೂಕು. ಒಂದೇ ರಾತ್ರಿಯ ಅಂತರ!

ಮೋಡ ಕವಿದರೆ ರೈಫಲ್ ಗಟ್ಟಿ, ಬಿಸಿಲಿದ್ದರೆ ಪೆಡಸು! ನಂಬುತ್ತೀರಾ? ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ಹಿಂದೆ ಕಾದ ಉಕ್ಕಿನ ಬಣ್ಣ ನೋಡಿಯೇ ಶಾಖ ಅಂದಾಜು ಮಾಡುತ್ತಿದ್ದರು. ಬಿಸಿಲಿನ ಬೆಳಕಲ್ಲಿ ಕೆಂಡದಂಥ ಉಕ್ಕೂ ಮಂಕು. ಹಾಗಾಗಿ ಇನ್ನಷ್ಟು ಕಾಯಿಸಿ ಸುಟ್ಟೇಬಿಡುತ್ತಿದ್ದರು. 1903ರ ಮಾದರಿಯಲ್ಲಿ ಅಲ್ಲಿಯ 8 ಲಕ್ಷಕ್ಕಿಂತ ಕೆಳಗಿನ ಕ್ರಮಸಂಖ್ಯೆಯವನ್ನು ಗೋಡೆಗೆ ನೇತುಹಾಕಿ, ಹಾರಿಸಬೇಡಿ ಎನ್ನುತ್ತಾರೆ ತಿಳಿದವರು.

2003ರಲ್ಲಿ ಅಮೆರಿಕದ ವ್ಯಾಪಾರಿಗಳು ನೇಪಾಳದ ಒಂದು ಹಳೇ ಅರಮನೆಯ ಆಯುಧಾಗಾರವನ್ನೇ ಕೊಂಡರು. ಹತ್ತಾರು ಸಾವಿರ ಕೋವಿಗಳು, ಮೇಲೆ ದಶಕಗಳ ಮಡ್ಡಿ! ಒರೆಸದೆ, ಮಡ್ಡಿಯ ಸಮೇತವೂ ಮಾರಿದರು. ಕೊಂಡವರು ತಿಂಗಳುಗಟ್ಟಲೆ ಕೆರೆಯುತ್ತಾ ಕೂತು ಖುಷಿಪಟ್ಟರು!

ನಮ್ಮ ಶ್ರೀರಂಗಪಟ್ಟಣವನ್ನು ಬಿಟ್ಟರೆ ಹೇಗೆ? 2019ರಲ್ಲಿ ಇಂಗ್ಲೆಂಡಿನ ಮನೆಯೊಂದರ ಅಟ್ಟದಲ್ಲಿ ಪತ್ರಿಕೆಯಲ್ಲಿ ಸುತ್ತಿಟ್ಟಿದ್ದ ಟಿಪ್ಪುವಿನ ಕಾಲದ ಆಯುಧಗಳು ಸಿಕ್ಕವು. ಅದರಲ್ಲೊಂದು ಬೆಳ್ಳಿಯ ಅಲಂಕಾರದ ಚಕಮಕಿ ಕೋವಿ. ರಿಪೇರಿ ಕಾಣದ್ದು, ಏಟು ತಿಂದ ಗುರುತೂ ಹಾಗೇ ಇತ್ತು. ಹರಾಜಿನಲ್ಲಿ ಬಂದದ್ದು 60 ಸಾವಿರ ಪೌಂಡು! ಟಿಪ್ಪುವಿಗೆಂದೇ 1793-94ರಲ್ಲಿ ಅಸದ್ ಖಾನ್ ಮುಹಮ್ಮದ್ ಮಾಡಿದ ಬೇಟೆಕೋವಿಯ ಬೆಲೆ ಇನ್ನೂ ದೊಡ್ಡದು, 20 ಲಕ್ಷ ಪೌಂಡು. ಅದು ದೇಶ ಬಿಟ್ಟು ಹೋಗದಂತೆ 2023ರಲ್ಲಿ ಬ್ರಿಟನ್ ಸರ್ಕಾರವೇ ರಫ್ತಿಗೆ ತಾತ್ಕಾಲಿಕ ತಡೆ ಹಾಕಿತು. ಯಾರ ಕೋವಿ, ಯಾರ ಕಾಳಜಿ!

ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದಿದ್ದೀರಲ್ಲ? ಬೆಂಗಳೂರಿನ ಆ ಬೇಟೆಗಾರನ ನೆಚ್ಚಿನ .405 ವಿಂಚೆಸ್ಟರ್ ಮಾದರಿಯ ರೈಫಲ್ಲನ್ನೇ ಅಮೆರಿಕದ ಅಧ್ಯಕ್ಷರಾಗಿದ್ದ ರೂಸ್ವೆಲ್ಟ್ 1909ರಲ್ಲಿ ಆಫ್ರಿಕಾದ ಸಿಂಹಗಳ ಬೇಟೆಗೆ ಒಯ್ದದ್ದು!

ಕೊನೆಗೊಂದು. 2014ರ ನವೆಂಬರಿನಲ್ಲಿ ಅಮೆರಿಕದ ನೆವಾಡಾದ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದಲ್ಲಿ ಜುನಿಪರ್ ಮರಕ್ಕೆ ಒರಗಿಸಿಟ್ಟ ಒಂದು ವಿಂಚೆಸ್ಟರ್ ಸಿಕ್ಕಿತು. ತಯಾರಾದದ್ದು 1882ರಲ್ಲಿ! ಯಾರು ಇಟ್ಟರೋ, ಯಾಕೆ ಮರೆತರೋ, ಪತ್ತೆಯೇ ಇಲ್ಲ. ಹಿಡಿಯ ತುದಿ ನಾಲ್ಕೈದು ಅಂಗುಲ ಮಣ್ಣಲ್ಲಿ ಹೂತಿತ್ತು. ಕೋಡಿ ಊರಿನ ವಸ್ತುಸಂಗ್ರಹಾಲಯದವರು ಬಣ್ಣ ಬಳಿಯಲಿಲ್ಲ, ತುಕ್ಕು ಕೆರೆಯಲಿಲ್ಲ. ಬಿರುಕುಬಿಟ್ಟ ಮರ ಉದುರದಂತೆ ಅಂಟು ಕುಡಿಸಿ ನಿಲ್ಲಿಸಿದರು, ಅಷ್ಟೇ. ಒಳಗೇನಿದೆ ನೋಡಲು ಊರಿನ ಆಸ್ಪತ್ರೆಗೆ ಒಯ್ದು ಎಕ್ಸ್‌ರೇ ತೆಗೆಸಿದರು. ಹಿಡಿಯೊಳಗಿನ ಗೂಡಿನಲ್ಲಿ ಒಂದು ತೋಟೆ ಹಾಗೇ ಕೂತಿತ್ತು! ಅಂದಹಾಗೆ, ಆಸ್ಪತ್ರೆಯ ದಾಖಲೆಯಲ್ಲಿ ರೋಗಿಯ ಹೆಸರು ಏನೆಂದು ಬರೆಸಿದ್ದರು ಗೊತ್ತೇ? 'ರೈಫಲ್'!