ಒಲೆ ಪಕ್ಕದ ಒಂಟಿ ಊಟ

ಅಕ್ಕಂದಿರೇ, ಸುತ್ತೂರು ಜಾತ್ರೆಯ ದಾಸೋಹದಲ್ಲಿ ಕೂತರೆ ಮನೆಗಿಂತ ನಾಲ್ಕು ತುತ್ತು ಜಾಸ್ತಿಯೇ ಉಣ್ತೀವಿ, ಅಲ್ವಾ? ರುಚಿ ಅಂತೀವಿ. ರುಚಿ ಒಂದೇ ಅಲ್ಲ, ಪಕ್ಕದಲ್ಲಿ ನಮ್ಮವರು ಕೂತಿರುವುದೂ ಕಾರಣ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಡಿ ಕ್ಯಾಸ್ಟ್ರೊ 1980ರ ದಶಕದಲ್ಲಿ ಜನರಿಂದ ಏಳು ದಿನ ತಿಂದದ್ದನ್ನೆಲ್ಲ ಬರೆಸಿ ನೋಡಿದರು. ಒಬ್ಬರೇ ಉಂಡದ್ದಕ್ಕಿಂತ ಜೊತೆಯಲ್ಲಿ ಉಂಡ ಊಟ ಸುಮಾರು ಶೇಕಡ 44ರಷ್ಟು ದೊಡ್ಡದಿತ್ತು. ಮಾತಾಡುತ್ತಾ ಕೂತಿರುವ ಹೊತ್ತು ಹೆಚ್ಚುತ್ತದೆ, ಕೈ ತಟ್ಟೆಗೆ ಹೋಗುತ್ತಲೇ ಇರುತ್ತದೆ. ಪಕ್ಕದವರು ಇನ್ನೊಂದು ಸಲ ಹಾಕಿಸಿಕೊಂಡರೆ ನಾವೂ ಹಾಕಿಸಿಕೊಳ್ಳುತ್ತೇವೆ. ಸಲಿಗೆ ಇಲ್ಲದವರ ಮುಂದೆ ಮಾತ್ರ ಉಲ್ಟಾ. ಏನಂದುಕೊಳ್ತಾರೋ ಅಂತ ಹೊಸ ಸೊಸೆ ಅರ್ಧ ಮುದ್ದೆಗೇ ‘ಸಾಕು’ ಅಂತಾಳೆ.

ಈಗ ನಮ್ಮ ಮನೆಗಳಿಗೆ ಬನ್ನಿ. ನಂಜನಗೂಡು, ತಿ. ನರಸೀಪುರದ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಗಂಡಸರು, ಮಕ್ಕಳು ಉಂಡೆದ್ದ ಮೇಲೆ ಹೆಂಗಸು ಒಲೆ ಪಕ್ಕ ಒಬ್ಬಳೇ ಕೂರುತ್ತಾಳೆ. ಬಡಿಸೋರಿಲ್ಲ, ‘ಇನ್ನೊಂದು ಸ್ವಲ್ಪ ಹಾಕ್ಕೋ’ ಅನ್ನೋರಿಲ್ಲ. ಅಷ್ಟು ಹೊತ್ತಿಗೆ ಬಸ್ಸಾರಿನ ಪಲ್ಯ ತಳ ಕಂಡಿರುತ್ತದೆ, ಮೊಟ್ಟೆ ಮುಗಿದಿರುತ್ತದೆ. ‘ನಂಗೆ ಹಸಿವೇ ಕಮ್ಮಿ ಸಿಸ್ಟರ್’ ಅಂತಾರೆ. ದಿನವಿಡೀ ನಾಟಿ, ಕಳೆ ಅಂತ ಬಗ್ಗಿ ದುಡಿದ ಮೈಗೆ ಹಸಿವು ಹೇಗೆ ಕಮ್ಮಿಯಾದೀತು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡ 48ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಇದಕ್ಕೆ ಕಾರಣಗಳು ಹಲವು. ಆದರೆ ಕಡೆಗೆ ಉಣ್ಣುವ ಅಭ್ಯಾಸವನ್ನು ಬಿಡುವುದಕ್ಕೆ ಒಂದು ಕಾಸೂ ಬೇಕಿಲ್ಲ.

ನಮ್ಮ ಸರ್ಕಾರ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಶುರು ಮಾಡಿದಾಗ ಬಸುರಿ, ಬಾಣಂತಿಯರನ್ನು ಅಂಗನವಾಡಿಗೇ ಕರೆಸಿ ಬಿಸಿಯೂಟ ಬಡಿಸಿತು. ಮನೆಗೆ ಕೊಟ್ಟು ಕಳಿಸಿದರೆ ಅದು ಹಂಚಿಹೋಗುತ್ತದೆ ಎಂಬುದು ನಮಗೆಲ್ಲ ಗೊತ್ತಿರುವುದೇ. ಅದೇ ಸುಮಾರಿಗೆ ರಾಜಸ್ಥಾನದ ಸಿರೋಹಿ, ಬಾಂಸವಾಡಾ ಜಿಲ್ಲೆಗಳಲ್ಲಿ ನಿಮ್ಮಂಥದ್ದೇ ಸ್ವಸಹಾಯ ಸಂಘಗಳು ಈ ವಿಷಯ ಎತ್ತಿಕೊಂಡವು. ಗಂಡಂದಿರನ್ನೂ ಸೇರಿಸಿಕೊಂಡು ಮಾತಾಡಿ, ಮನೆಯವರೆಲ್ಲ ಒಟ್ಟಿಗೆ ಉಣ್ಣುವ ರೂಢಿ ತಂದರು. ಹೆಂಗಸರ ತಟ್ಟೆಯೂ ತುಂಬತೊಡಗಿತು. ಜಗಳ ಮಾಡಿ ಆಗುವ ಕೆಲಸ ಇದಲ್ಲ.

ರಾತ್ರಿ ಊಟವೊಂದರಿಂದ ಶುರು ಮಾಡಿ. ಪಾತ್ರೆಗಳನ್ನೆಲ್ಲ ನಡುವೆ ತಂದಿಟ್ಟು, ನಿಮ್ಮ ತಟ್ಟೆಯನ್ನೂ ಸೇರಿಸಿ ಎಲ್ಲ ತಟ್ಟೆಗೂ ಒಂದೇ ಸಲ ಬಡಿಸಿ. ಯಜಮಾನರು ಫ್ಯಾಕ್ಟರಿಯ ರಾತ್ರಿ ಪಾಳಿಗೆ ಹೋಗಿದ್ದರೆ ಅತ್ತೆ, ಸೊಸೆ, ಮಕ್ಕಳು ಕೂತುಕೊಳ್ಳಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಅವರೂ ಜೊತೆಯಲ್ಲೇ ಕೂರಲಿ, ಆದರೆ ಅವರ ಪಾಲು ಮೊದಲೇ ಅಳೆದು ಹಾಕಿಬಿಡಿ. ಮಾತಿನ ಮಧ್ಯೆ ಎರಡನೇ ಸಲ ಅನ್ನ ಬೀಳುವುದು ಅವರ ತಟ್ಟೆಗೇ.